ನಡುಗೋಡೆಗೆ ಏನು ತುಂಬುವುದು

ಸಂಯುಕ್ತಾ ಬ್ಯಾಗಿನಿಂದ ತೆಗೆದುಕೊಟ್ಟ ಬೂದುಬಣ್ಣದ ತುಂಡನ್ನು ವಿರುಪಾಕ್ಷ ಹೆಬ್ಬೆರಳಿನಿಂದ ಒತ್ತಿದ. ಅದು ಜಗ್ಗಲಿಲ್ಲ.

"ಏನ್ರಿ ವೈನಿ ಇದು?"

"ರಾಕ್‌ವೂಲ್. ಕಲ್ಲು ಕರಗಿಸಿ ಉಣ್ಣೆ ಥರ ಎಳೆದು ಮಾಡೋದಂತೆ. ನಡುಗೋಡೆಗೆ ಇದನ್ನೇ ಹಾಕ್ಸೋಣ ಅಂತ."

"ನಮ್ಮಿಬ್ಬರ ಮನಿ ನಡುವಿನ ಗ್ವಾಡಿಗೆ?"

"ಇನ್ಯಾವುದಿದೆ ನಡುಗೋಡೆ?"

ಸಿಡ್ನಿಯ ಗಿರಾವೀನ್‌ನಲ್ಲಿ ಒಂದೇ ಸೈಟು ಕೊಂಡು, ಒಂದೇ ಸೂರಿನಡಿ ಜೋಡಿ ಮನೆ ಕಟ್ಟಿಸುತ್ತಿದ್ದ ಗೆಳೆಯರು ವಿರುಪಾಕ್ಷ ಮತ್ತು ಸಂಯುಕ್ತಾಳ ಗಂಡ ಅಮೃತ್. ಸೂರು ಬಂದಿತ್ತು, ವೈರುಗಳು ನೇತಾಡುತ್ತಿದ್ದವು, ಗೋಡೆಗಳು ಮಾತ್ರ ಇನ್ನೂ ಪೈನ್ ಮರದ ಚೌಕಟ್ಟುಗಳಾಗಿಯೇ ನಿಂತಿದ್ದವು. ಮುಂದಿನ ವಾರ ಪ್ಲಾಸ್ಟರ್ ಹಲಗೆ ಹೊಡೆದರೆ ಮುಗಿಯಿತು. ಒಳಗೆ ತುಂಬಿದ್ದು ಒಳಗೇ. ನಡುಗೋಡೆಗೆ ಬಿಲ್ಡರ್ ಕೊಡುವ ತೆಳು ಗಾಜುಣ್ಣೆ ಬೇಡವೆಂದರೆ ಎರಡೂ ಮನೆಯವರು ಕೂಡಿ ಹೇಳಬೇಕು ಎಂದು ಸೂಪರ್‌ವೈಸರ್ ತಿಳಿಸಿ, ಕಾಫಿ ಲೋಟ ಹಿಡಿದು ಜಗಳ ಮುಟ್ಟದಷ್ಟು ದೂರದಲ್ಲಿ ನಿಂತಿದ್ದ.

"ಇನ್ಸುಲೇಷನ್ ಯಾತಕ್ಕ ಹಾಕ್ತಾರ್ರಿ?" ಎಂದ ವಿರುಪಾಕ್ಷ. ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ಅವನ ಇಂಗ್ಲಿಷು ಅಚ್ಚುಕಟ್ಟು. ಸಿಟ್ಟು ಬಂದರೆ ಮಾತ್ರ ಹುಬ್ಬಳ್ಳಿ. "ಹೊರಗಿನ ಬಿಸಿಲು ಒಳಗ ಬರಬಾರದಂತ. ಈ ಗ್ವಾಡಿ ಆಚೆ ಏನೈತಿ? ನಾ ಅದೀನಿ. ನಾ ಏನು ಬಿಸಿಲೇನ್ರಿ?"

"ಬಿಸಿಲಿಗಲ್ಲ. ಸದ್ದಿಗೆ."

ಪಕ್ಕದ ಕೋಣೆಯಲ್ಲಿ ಬಡಗಿಯ ಮೊಳೆ ಹೊಡೆಯುವ ಗನ್ನು ಟಪಟಪ ಎನ್ನುತ್ತಲೇ ಇತ್ತು.

"ಸದ್ದು," ಎಂದ ವಿರುಪಾಕ್ಷ. "ಏ ಅಮ್ಯಾ, ನಾ ಸದ್ದೇನಲೇ?"

ಅಮೃತ್ ಚೌಕಟ್ಟಿನ ಒಂದು ಮೊಳೆಯನ್ನು, ಅದರಲ್ಲಿ ಏನೋ ಬರೆದಿರುವ ಹಾಗೆ, ಪರೀಕ್ಷಿಸುತ್ತಿದ್ದ. "ಹಂಗಲ್ಲ ಮಗಾ. ಪಾಲಿಯೆಸ್ಟರ್ ಕೂಡ ಇದೆ. ಮೆತ್ತಗಿರತ್ತೆ, ತುರಿಕೆ ಇಲ್ಲ. ಎಲ್ಲರಿಗೂ ಒಪ್ಪಿಗೆ ಆಗೋ ಹಂಗೆ..."

"ಪಾಲಿಯೆಸ್ಟರ್ ಅಂದ್ರೆ ದಿಂಬು," ಎಂದಳು ಸಂಯುಕ್ತಾ. "ದಿಂಬಿನ ಆಚೆ ಕೂತು ಕೇಳಿಸ್ಕೊಳ್ಳಲ್ವಾ ಜನ?"

'ಜನ' ಎಂದರೆ ಯಾರೆಂದು ವಿರುಪಾಕ್ಷನ ಹೆಂಡತಿ ಸಂಧ್ಯಾರಾಣಿಯೂ ಸೇರಿ ನಾಲ್ವರಿಗೂ ಗೊತ್ತಿತ್ತು.

ಸಿಡ್ನಿಗೆ ಬರುವ ಮೊದಲು ಈ ಎರಡು ಜೋಡಿ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದವು, ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಬರುವ ತನಕ. ಎರಡು ಮಲಗುವ ಕೋಣೆಗಳ ನಡುವೆ ಎರಡು ತೆಳು ಹಲಗೆ, ಒಳಗೆ ಬರೀ ಗಾಳಿ. ಇತ್ತ ಅಮೃತ್ ಸೀನಿದರೆ ಅತ್ತಲಿಂದ ವಿರುಪಾಕ್ಷ "ನೂರು ವರ್ಷ" ಅನ್ನುತ್ತಿದ್ದ. ಅಷ್ಟಾದರೆ ಅಡ್ಡಿಯಿರಲಿಲ್ಲ. ಗಂಡ ಹೆಂಡಿರ ಮಾತು ಕೊಂಚ ಏರಿದರೆ ಸಾಕು, ಗೋಡೆಯೊಳಗಿಂದ ತೀರ್ಪು ಬರುತ್ತಿತ್ತು: "ವೈನಿ, ಅಂವಂದೇನೂ ತಪ್ಪಿಲ್ರಿ." ವಿರುಪಾಕ್ಷ ಇದನ್ನು ಪ್ರೀತಿ ಎಂದೇ ತಿಳಿದಿದ್ದ. ಪ್ರೀತಿಯೂ ಹೌದು. ಅದೇ ತೊಂದರೆ.

"ಅಲ್ಲಿ ಒಂದು ತಾಟಿನಾಗ ಉಂಡೇವಿ," ಎಂದು ಅವನೀಗ ದನಿ ಎತ್ತರಿಸಿದ. "ನನಗ ಜ್ವರ ಬಂದಾಗ ಗ್ವಾಡಿ ಆಚೆಯಿಂದ ನರಳೋದು ಕೇಳಿ ಎದ್ದು ಬಂದಾಂವ ಇಂವ. ಈಗ ನಡುವ ಕಲ್ಲು ತುಂಬತೀರಿ! ಹಂಗಿದ್ರ ಜೋಡಿ ಮನಿ ಯಾಕ ಕಟ್ಟಿದ್ವಿ? ನೀವು ದೂರದ ರೌಸ್ ಹಿಲ್‌ಗೆ ಹೋಗಿಬಿಡ್ರಿ, ಸದ್ದೇ ಇರೂದಿಲ್ಲ."

"ನಿಮ್ಮ ಸದ್ದಲ್ಲ ಕಣ್ರೀ," ಸಂಯುಕ್ತಾಳ ದನಿಯೂ ಏರಿತು. "ನನ್ನ ಸದ್ದು. ನನ್ನ ಸದ್ದಿಗೆ ಬೇಕು!"

ಅಮೃತ್ ಹೆಂಡತಿಯ ಮೊಣಕೈ ಮುಟ್ಟಿ, ಅಭ್ಯಾಸಬಲದಿಂದ ಪಿಸುಗುಟ್ಟಿದ: "ಮೆಲ್ಲಗೆ ಮಾತಾಡೇ. ವಿರೂಗೆ ಕೇಳಿಸತ್ತೆ."

ವಿರೂ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತಿದ್ದ.

"ಕೇಳಿಸ್ಲಿ!" ಸಂಯುಕ್ತಾ ಕೂಗಿದಳು. "ಮದುವೆಯಾದಾಗಿಂದ ನಿನ್ನ ಬಾಯಲ್ಲಿ ಇದೊಂದೇ ಮಾತು. ಅಪ್ಪನ್ನ ಆಸ್ಪತ್ರೆಗೆ ಸೇರಿಸಿದಾರೆ ಅಂತ ಫೋನ್ ಬಂದಾಗ ಏನಂದೆ? ಮೆಲ್ಲಗೆ ಅಳು ಅಂದೆ. ಅಳೋದಕ್ಕೂ ವಾಲ್ಯೂಮ್ ಕಡಿಮೆ ಮಾಡ್ಕೋಬೇಕಾ ನಾನು? ಹಾಲು ಮುಗಿದಿದೆ ಅಂತ ಸುಳ್ಳು ಹೇಳಿ, ಅಂಗಡಿ ಪಾರ್ಕಿಂಗ್‌ನಲ್ಲಿ ಕಾರಿನ ಗ್ಲಾಸ್ ಏರಿಸ್ಕೊಂಡು ಜಗಳ ಆಡಿದೀವಿ. ಜೀವಮಾನ ಪೂರ್ತಿ ಮಾರ್ಟ್‌ಗೇಜ್ ಕಟ್ಟಿ, ಸ್ವಂತ ಮನೆ ಅಂತ ಮಾಡ್ಕೊಂಡು, ಇನ್ನೂ ಪಾರ್ಕಿಂಗ್‌ಗೇ ಹೋಗ್ಬೇಕಾ? ನನ್ನ ಮನೇಲಿ ನಾನು ಒಂದ್ಸಲ ಗಟ್ಟಿಯಾಗಿ ಬಯ್ಯಬೇಕು. ಅಷ್ಟೇ ನನಗೆ ಬೇಕಾಗಿರೋದು!"

ಬಾಗಿಲಿಲ್ಲದ ಮನೆಯ ತುಂಬ ಆ ದನಿ ಓಡಾಡಿ ಬಂತು. ಮೊಳೆ ಗನ್ನು ನಿಂತಿತು. ಸೂಪರ್‌ವೈಸರ್ ತನ್ನ ಕಾಫಿಯ ಮುಚ್ಚಳದ ಮೇಲಿನ ಅಕ್ಷರಗಳನ್ನು ಓದತೊಡಗಿದ.

ವಿರುಪಾಕ್ಷನ ಬಾಯಿ, ಪಾಪ, ತಾನಾಗಿಯೇ ತೆರೆದುಕೊಂಡಿತು. "ವೈನಿ, ಅಂವಂದೇನೂ..."

"ಬಾಯಿ ಮುಚ್ರಿ," ಎಂದಳು ಸಂಧ್ಯಾರಾಣಿ.

ವಿರುಪಾಕ್ಷನ ಹೆಂಡತಿ ಸೈಟಿಗೆ ಬಂದ ಮೇಲೆ ಆಡಿದ ಮೊದಲ ಮಾತು ಅದು. ಚೌಕಟ್ಟಿನ ಆಚೆ, ತನ್ನ ಅಡುಗೆಮನೆ ಆಗಲಿರುವ ಜಾಗದಲ್ಲಿ ಅವಳು ನಿಂತಿದ್ದಳು. ಈಗ ಎರಡು ಮರದ ಕಂಬಗಳ ನಡುವೆ ಅಡ್ಡಡ್ಡ ನುಸುಳಿ ಈಚೆ ಬಂದಳು.

"ಹಾಲಿನ ವಿಷಯ ನನಗ ಗೊತ್ತಿತ್ತು ಸಂಯುಕ್ತಾ," ಎಂದಳು. "ಫ್ರಿಜ್ ತುಂಬ ಹಾಲಿದ್ರೂ ತರ್ತಿದ್ರಿ. ನಿಮ್ಮ ಒಂದೊಂದು ಜಗಳಕ್ಕೂ ನಾ ಆ ಹಾಲು ಕಾಸಿ ಒಂದೊಂದು ಪಾತೇಲಿ ಬಾಸುಂದಿ ಮಾಡೇನಿ. ಇವರು ಉಂಡಾರ, ಚೊಲೋ ಆಗೈತಿ ಅಂದಾರ."

ಸಂಯುಕ್ತಾ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಗಟ್ಟಿಯಾಗಿಯೇ ಮಾಡಿದಳು.

ಸಂಧ್ಯಾರಾಣಿ ಗಂಡನ ಕೈಯಿಂದ ಆ ಬೂದು ತುಂಡನ್ನು ಇಸಿದುಕೊಂಡು ಸೂಪರ್‌ವೈಸರ್ ಬಳಿ ಹೋದಳು. ನಡುಗೋಡೆಯ ಎರಡೂ ಮನೆ ಕಡೆಯ ಚೌಕಟ್ಟಿಗೆ ಇದೇ, ನೆಲದಿಂದ ಸೂರಿನವರೆಗೆ, ಸಂದಿ ಬಿಡದ ಹಾಗೆ, ಎಂದು ಸ್ವಚ್ಛ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಗಂಡಸರಿಬ್ಬರ ಮುಖ ನೋಡಿದ. ಅಮೃತ್ ಗಟ್ಟಿಯಾಗಿ "ಯೆಸ್" ಎಂದ, ಅಷ್ಟು ಗಟ್ಟಿಯಾಗಿ ಅಂದದ್ದಕ್ಕೆ ತಾನೇ ಬೆಚ್ಚಿದ. ವಿರುಪಾಕ್ಷ ಒಪ್ಪಿಗೆಯೋ ಸೋಲೋ ತಿಳಿಯದ ಹಾಗೆ ತಲೆ ಆಡಿಸಿದ.

"ಆತು, ಅವರಿಗೆ ಬೇಕಂದ್ರ ಅವರ ಕಡೆ ಹಾಕ್ಲಿ," ಎಂದ ಅವನು ಕಾರಿನ ಕಡೆ ನಡೆಯುತ್ತ, ಇನ್ನೂ ಆರದ ಸಿಟ್ಟಿನಲ್ಲಿ. "ನಮ್ಮ ಕಡೆ ಯಾಕ? ನಮ್ಮ ಮನ್ಯಾಗ ಯಾರು ಒದರತಾರ?"

ಸಂಧ್ಯಾರಾಣಿ ಆ ತುಂಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಜಗ್ಗಲಿಲ್ಲ.

"ಗ್ವಾಡಿ ಮುಚ್ಚಲಿ," ಎಂದಳು. "ಹೇಳ್ತೀನಿ."