ಡ್ರಾಯಿಂಗ್ ಮೇಷ್ಟ್ರ ಒಳಮನಸ್ಸು

ಏಳು ಸಮುದ್ರದಾಚೆಯ ಗಿಣಿಯೊಳಗೆ ರಾಕ್ಷಸನ ಪ್ರಾಣ ಇರುತ್ತದಲ್ಲ, ಹಾಗೆ ಆ ಬೆಳಿಗ್ಗೆ ಗಣಿತದ ಟೀಚರಮ್ಮನ ಪ್ರಾಣ ಒಂದು ಬೀರುವಿನ ಕೀಲಿಯಲ್ಲಿತ್ತು. ಬೀರುವಿನೊಳಗೆ ಪ್ರಶ್ನೆಪತ್ರಿಕೆಗಳು, ಪರೀಕ್ಷೆಗೆ ಇನ್ನು ಅರ್ಧ ಗಂಟೆ, ಕೀಲಿ ಮಾತ್ರ ಮಂಗಮಾಯ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ಈ ತಿಂಗಳು ಒಂದೂ ದೂರು ಬರದೆ ಇರಲಿ, ನೋಡೋಣ" ಎಂದಿದ್ದರು ಹೆಡ್ ಮೇಡಂ.

ಬೇರೆಯವರಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಇವಳು ಸೀಮೆಸುಣ್ಣ ಹಿಡಿದು ಸ್ಟಾಫ್ ರೂಮಿನ ಬೋರ್ಡಿನ ಮೇಲೆ, ಬೆಳಿಗ್ಗೆಯಿಂದ ತಾನು ಕಾಲಿಟ್ಟ ಜಾಗಗಳನ್ನೆಲ್ಲ ಬರೆದಳು. ಒಂದೊಂದನ್ನೇ ಜಾಲಾಡಿ ಅಡ್ಡಗೆರೆ ಎಳೆದಳು. ಎಲ್ಲಕ್ಕೂ ಗೆರೆ ಬಿತ್ತು. ತರ್ಕದ ಪ್ರಕಾರ ಕೀಲಿ ಈ ಲೋಕದಲ್ಲೇ ಇರಲಿಲ್ಲ.

ಹೊರಗೆ ಹೋಗಿದ್ದ ಡ್ರಾಯಿಂಗ್ ಮೇಷ್ಟ್ರು ಬಣ್ಣ ಮೆತ್ತಿದ ಬ್ಯಾಗು ನೇತುಹಾಕಿಕೊಂಡು ವಾಪಸ್ ಬಂದರು. "ಏನ್ ಮೇಡಂ, ಬೆಳಬೆಳಗ್ಗೆನೇ ಬೋರ್ಡಿಗೆ ಶಿಕ್ಷೆ ಕೊಡ್ತಿದೀರಾ?"

"ಬೀರು ಕೀಲಿ ಕಾಣ್ತಿಲ್ಲ ಸಾರ್."

"ಅದಕ್ಕೆ ಯಾರಾದ್ರೂ ಲೆಕ್ಕ ಮಾಡ್ತಾರಾ? ಒಳಮನಸ್ಸನ್ನ ಕೇಳ್ಬೇಕು." ಮೇಷ್ಟ್ರು ಕಣ್ಣು ಮುಚ್ಚಿದರು. "ಲೈಬ್ರರೀಲಿದೆ. ದಪ್ಪ ಪುಸ್ತಕದ ಹಿಂದೆ."

ಓಡಿದಳು. ದಪ್ಪ ಪುಸ್ತಕದ ಹಿಂದೆಯೂ ಇಲ್ಲ, ತೆಳ್ಳನೆಯದರ ಹಿಂದೆಯೂ ಇಲ್ಲ.

"ಹಾಗಾದ್ರೆ ತೋಟದಲ್ಲಿ," ಎಂದರು ಮೇಷ್ಟ್ರು, ಒಂಚೂರೂ ಅಳುಕದೆ.

ಅವಳು ಹೊಸ್ತಿಲ ಮೇಲಿಟ್ಟ ಕಾಲು ಅಲ್ಲೇ ನಿಂತಿತು. ಹೆಡ್ ಮೇಡಂ ಕನ್ನಡಕ ಕಳೆದಾಗಲೂ ಇವರು ತೋಟ ಎಂದಿದ್ದರು. ಅದು ಮೇಡಂ ತಲೆಯ ಮೇಲಿತ್ತು. ಆಟೋಟದ ದಿನ ಮಳೆ ಬರಲ್ಲ ಎಂದರು. ಇಡೀ ಶಾಲೆ ತೊಯ್ದು ತೊಪ್ಪೆಯಾಯಿತು. ತಮ್ಮ ಸ್ಕೂಟರ್ ಕಳುವಾಗಿದೆ ಎಂದು ಕೂಗಾಡಿದರು. ಅವತ್ತು ಅವರು ನಡೆದುಕೊಂಡೇ ಬಂದಿದ್ದರು. ಸುಮ್ಮನೆ ಊಹಿಸುವವರೂ ಆಗೊಮ್ಮೆ ಈಗೊಮ್ಮೆ ಸರಿ ಹೇಳಿಬಿಡುತ್ತಾರೆ. ಒಂದು ಸಲವೂ ಬಿಡದೆ ತಪ್ಪೇ ಹೇಳುವುದು ಸಾಮಾನ್ಯ ವಿದ್ಯೆಯಲ್ಲ. ಯಾವಾಗಲೂ ತಿರುಗುಮುರುಗಾಗಿ ತೋರಿಸುವ ದಿಕ್ಸೂಚಿ ಹಿಡಿದೂ ಹಡಗು ದಡ ಸೇರುತ್ತದೆ.

ಟೀಚರಮ್ಮ ಮೇಷ್ಟ್ರ ಎದುರು ಶಿಷ್ಯೆಯ ಹಾಗೆ ಕೂತಳು. "ಸಾರ್, ಎಲ್ಲಿದೆ ಅನ್ನೋದು ಬಿಡಿ. ಎಲ್ಲಿ ಇಲ್ಲವೇ ಇಲ್ಲ, ಅದನ್ನ ಹೇಳಿ."

ಇಷ್ಟು ಮರ್ಯಾದೆಯಿಂದ ಅವರ ಒಳಮನಸ್ಸನ್ನು ಯಾರೂ ಕೇಳಿರಲಿಲ್ಲ. ಮೇಷ್ಟ್ರು ಉಬ್ಬಿಹೋದರು. "ಲ್ಯಾಬಲ್ಲಿ ಇದ್ರೂ ಇರಬಹುದು, ಗೇಟ್ ಹತ್ರ ಇದ್ರೂ ಇರಬಹುದು. ನನ್ನ ಬ್ಯಾಗಲ್ಲಂತೂ ಇಲ್ಲ. ಎದೆ ಮುಟ್ಕೊಂಡು ಹೇಳ್ತೀನಿ."

"ಬ್ಯಾಗ್ ಕೊಡಿ ಸಾರ್."

ಬಣ್ಣದ ಟ್ಯೂಬುಗಳಡಿ, ಗೋಂದಿನ ಬಾಟಲಿಗೆ ಅಂಟಿಕೊಂಡು, ಕೀಲಿ ಕೂತಿತ್ತು. ಬೆಳಿಗ್ಗೆ ಅವರ ಕತ್ತರಿ ಇಸಕೊಂಡವಳು, ವಾಪಸ್ ಹಾಕುವಾಗ ಕೀಲಿಯನ್ನೂ ಜೊತೆಗೇ ಹಾಕಿದ್ದಳು. ಬೋರ್ಡಿನ ಮೇಲೆ ಕೋಣೆಗಳಿಗೆಲ್ಲ ಜಾಗವಿತ್ತು, ಪಕ್ಕದವರ ಬ್ಯಾಗಿಗೆ ಇರಲಿಲ್ಲ.

ಪ್ರಶ್ನೆಪತ್ರಿಕೆ ಹೊರಬರುವ ಹೊತ್ತಿಗೆ ಹೆಡ್ ಮೇಡಂ ಇಣುಕಿದರು. "ಕೀಲಿ ಕಳೆದಿತ್ತಂತೆ?"

"ಕಳೆದಿರಲಿಲ್ಲ ಮೇಡಂ," ಎಂದರು ಮೇಷ್ಟ್ರು. "ನನ್ನ ಒಳಮನಸ್ಸಿಗೆ ಗೊತ್ತಿತ್ತು."

"ನೋಡಮ್ಮಾ, ಬರೀ ಲೆಕ್ಕ ಸಾಲದು. ನಾಳೆ ಮಕ್ಕಳಿಗೆ ಒಳಮನಸ್ಸಿನ ಬಗ್ಗೆ ಇವರೇ ಪಾಠ ಮಾಡಲಿ."

ಟೀಚರಮ್ಮ ಡಸ್ಟರ್ ಎತ್ತಿಕೊಂಡು ಬೋರ್ಡು ಒರೆಸತೊಡಗಿದಳು. ನಿಜ ಗೊತ್ತಾದರೆ ಈ ಮನುಷ್ಯ ಯೋಚನೆ ಮಾಡಲು ಶುರುಮಾಡುತ್ತಾರೆ. ಯೋಚನೆ ಮಾಡಿದರೆ ಅಪ್ಪಿತಪ್ಪಿ ಸರಿ ಹೇಳುತ್ತಾರೆ. ಆಮೇಲೆ ಯಾರಿಗೆ ಏನು ಪ್ರಯೋಜನ?

ಮೇಡಂ ಆಚೆ ಹೋದ ಮೇಲೆ ಮೆಲ್ಲಗೆ ಕೇಳಿದಳು: "ಸಾರ್, ನನ್ನ ಕೆಲಸ ಕಾಯಂ ಆಗತ್ತಾ?"

ಮೇಷ್ಟ್ರು ಬಹಳ ಹೊತ್ತು ಕಣ್ಣು ಮುಚ್ಚಿದರು. ಮುಖ ಸಪ್ಪಗಾಯಿತು. "ಬೇಜಾರ್ ಮಾಡ್ಕೋಬೇಡಿ ಮೇಡಂ. ಆಗಲ್ಲ ಅನ್ನಿಸ್ತಿದೆ."

"ಖಂಡಿತನಾ ಸಾರ್?"

"ನೂರಕ್ಕೆ ನೂರು."

ಅವಳ ಕಣ್ಣು ತುಂಬಿಬಂತು. ಮೇಷ್ಟ್ರು ಕರಗಿ, ಬಣ್ಣ ಒರೆಸುವ ತಮ್ಮ ಕರವಸ್ತ್ರ ಚಾಚಿದರು. ಟೀಚರಮ್ಮ ಅದರಲ್ಲೇ ಮುಖ ಒರೆಸಿಕೊಂಡು, ಮೂಗಿನ ಮೇಲೆ ನೀಲಿ ಹೊತ್ತು, ಗುನುಗುತ್ತಾ ಪರೀಕ್ಷಾ ಕೋಣೆಗೆ ನಡೆದಳು.