ಮೈಮೇಲೆ ಗ್ಯಾನ

ನುಸಿಗುಳಿಗೆಯ ವಾಸನೆ, ವಸಂತಮ್ಮ ಟೀಚರ ಸ್ವೆಟರಿನದೇ ಇರಬೇಕು, ಟ್ರಂಕಿನಿಂದ ತೆಗೆದು ಸೀದಾ ಹಾಕಿಕೊಂಡು ಬಂದಿದ್ದಾರೆ, ಫೋಟೋ ತೆಗೆಸಲು ಕೂತವರ ಹಾಗೆ ಬೆನ್ನು ನೆಟ್ಟಗೆ — ಪ್ರೇಮಕುಮಾರಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಮೂಡಿಗೆರೆಯ ಈ ನರ್ಸಿಂಗ್ ಹೋಮಿಗೆ ತಿಂಗಳಿಗೊಮ್ಮೆ ಮಂಗಳೂರಿನಿಂದ ಬರುವ ಮಕ್ಕಳ ಡಾಕ್ಟರಮ್ಮ ಹೋದ ಸಲವೇ ಹೇಳಿದ್ದರು, ಎಡಿಎಚ್‌ಡಿ ಅಂತ ಒಂದುಂಟು, ಮಗು ಒಂದು ಕಡೆ ಕೂರುದಿಲ್ಲ, ಗಮನ ನಿಲ್ಲುದಿಲ್ಲ, ಹೌದೋ ಅಲ್ಲವೋ ಮಗುವನ್ನು ಇಲ್ಲಿ ಕೂರಿಸಿ ಹೇಳ್ಲಿಕ್ಕಾಗುದಿಲ್ಲ, ದಿನಾ ನೋಡುವ ದೊಡ್ಡವರನ್ನು ಕರ್ಕೊಂಡು ಬನ್ನಿ, ಶಾಲೆಯವರು, ಮನೆಯವರು, ಅವರು ಕಂಡದ್ದು ನನಗೆ ಬೇಕು. ಕಂಡದ್ದಂತೆ. ಕಣ್ಣಿದ್ದವರು ಯಾರಿದ್ದಾರೆ ಇಲ್ಲಿ. ಆದರೂ ಜೀಪಿನಲ್ಲಿ ತುಂಬಿಸಿ ತಂದಳು, ತರದೆ ಏನು ಮಾಡುವುದು, ಏಪ್ರಿಲ್‌ಗೆ ಟೀಸಿ ಕೊಡುತ್ತೇವೆ ಅಂದಿದೆ ಶಾಲೆ, ಡಾಕ್ಟರು ಏನಾದರೊಂದು ಹೇಳಿದರೆ ಮಗಳು ಧನ್ಯಾ ಅಲ್ಲೇ ಉಳಿದಾಳು, ಇಲ್ಲವಾದರೆ ಕಳಸದ ಹಾಸ್ಟೆಲ್ಲು, ಎಂಟು ವರ್ಷದ ಮಗು, ರಾತ್ರಿ ಹೊದಿಕೆ ಒದ್ದರೆ ಹೊದಿಸುವವರು ಯಾರು.

ನೋಡಿ ಮೇಡಂ, ಅವ್ಳಿಗೆ ಮೈಮೇಲೆ ಗ್ಯಾನಾನೇ ಇರಲ್ಲ, ಎಂದರು ಟೀಚರು. ಡಾಕ್ಟರ ಪೆನ್ನು ನಿಂತಿತು. ಎಷ್ಟು ಹೊತ್ತು ಇರುದಿಲ್ಲ, ಬೀಳ್ತಾಳಾ, ಬಾಯಲ್ಲಿ ನೊರೆ ಬರ್ತದಾ. ಟೀಚರು ಯೋಚಿಸಿದರು, ಯೋಚಿಸುತ್ತಾರೆ ನೋಡು, ಯೋಚಿಸಿ — ಬೀಳೋದು ಬೀಳ್ತಾಳೆ ಮೇಡಂ, ಮೊನ್ನೆ ಬೆಂಚಿಂದ ಬಿದ್ಲು. ಅಯ್ಯೋ ಈ ಹೆಂಗಸೇ, ಕಿಟಕಿಯಾಚೆ ಮರ ಹಾರುವ ಕರಿಮೂತಿ ಮುಸುವ ನೋಡಲಿಕ್ಕೆ ಬೆಂಚು ಹತ್ತಿ ಬಿದ್ದದ್ದು, ಬಿದ್ದು ನಗುತ್ತಿದ್ದಳಂತೆ, ಅದನ್ನು ಹೇಳಬಾರದೇ, ಈ ಕಡೆ ಗ್ಯಾನ ಅಂದರೆ ಗಮನ, ಹಾಲು ಉಕ್ಕಿಸಿದವಳಿಗೂ ಗ್ಯಾನ ಇಲ್ಲ, ಕೊಡೆ ಬಸ್ಸಲ್ಲಿ ಬಿಟ್ಟು ಬಂದವನಿಗೂ ಇಲ್ಲ, ಮಂಗಳೂರಿನವರಿಗೆ ಗ್ಯಾನ ಹೋಯಿತೆಂದರೆ ಮೂರ್ಛೆ, ಇವರಿಬ್ಬರ ನಡುವೆ ತನ್ನ ಮಗಳಿಗೆ ಫಿಟ್ಸ್ ಬಂದೇಬಿಟ್ಟಿತು. ಪ್ರೇಮಕುಮಾರಿಯೇ ಬಾಯಿ ಹಾಕಿ ಬಿಡಿಸಿ ಹೇಳಿದ ಮೇಲೆ ಡಾಕ್ಟರು ನಕ್ಕರು, ಟೀಚರು ನಗಲಿಲ್ಲ, ನನ್ನ ಕ್ಲಾಸು ಹೆಡ್ಮಾಸ್ಟ್ರೇ ಬಂದು ನೋಡಿ ಹೋಗ್ತಾರೆ ಮೇಡಂ, ಒಂದು ಮಗು ತಲೆ ಎತ್ತಲ್ಲ. ತಲೆಯೆತ್ತದ ಮಕ್ಕಳು, ಅದಕ್ಕೊಂದು ಹೆಮ್ಮೆ ಬೇರೆ. ಆಮೇಲೆ ಅತ್ತೆ ಶಂಕರಮ್ಮ, ಎಲೆಯಡಿಕೆಯನ್ನು ದವಡೆಗೆ ಒತ್ತರಿಸಿ, ಮಗೂದೇನಿಲ್ಲ ಡಾಕ್ಟ್ರೇ, ನಾನು ನಾಲ್ಕು ಹೆತ್ತೆ, ಒಂದೂ ಹಿಂಗಿರ್ಲಿಲ್ಲ, ನಮ್ ಸೊಸೆಗೆ ಕೇಬಲ್ ಬಂದ್ಮೇಲೆ ಧಾರಾವಾಹಿನೇ ಆಯ್ತು. ಅಜ್ಜೀ, ಊಟಕ್ಕೆ ಕೂತಾಗ ಮಗು ಏನು ಮಾಡ್ತದೆ, ನೀವು ಕಂಡದ್ದು ಹೇಳಿ. ಕಂಡಿದ್ದೇ ಹೇಳ್ತಿರೋದು, ಸಾರಲ್ಲಿ ಉಪ್ಪಿರಲ್ಲ. ಇನ್ನು ಗಂಡ, ಜಯದೇವಪ್ಪನವರು, ಕಣದಲ್ಲಿ ಕಾಫಿಯ ಪಾರ್ಚ್‌ಮೆಂಟ್ ಒಣಗಲು ಹರಡಿ ಬಂದಿದ್ದೇನೆಂದು ಬಂದಾಗಿನಿಂದ ಗಡಿಯಾರ ನೋಡುತ್ತಿರುವವರು, ಚಿಕ್ಕೋನಿದ್ದಾಗ ನಾನೂ ಹಂಗೇ ಡಾಕ್ಟ್ರೇ, ಒಂದು ಕಡೆ ನಿಂತೋನಲ್ಲ, ಈಗೇನಾಗಿದೆ ನಂಗೆ. ಕೇಳುವ ಧೈರ್ಯ ನೋಡು, ಊಟದಿಂದ ಅರ್ಧಕ್ಕೇ ಎದ್ದು ಜೀಪು ಸ್ಟಾರ್ಟ್ ಮಾಡುವ ಗಂಡಸು, ಬಚ್ಚಲ ಕದಕ್ಕೆ ಚಿಲಕ ಹಾಕಿಸ್ತೀನಿ ಹಾಕಿಸ್ತೀನಿ ಅನ್ನುತ್ತಿದ್ದ ಹಾಗೇ ಮಗಳು ಹುಟ್ಟಿ ಶಾಲೆಗೂ ಹೋದಳು.

ಟೀಚರು ತಮ್ಮ ಕ್ಲಾಸನ್ನು ಹೊಗಳಿಕೊಂಡರು, ಅತ್ತೆ ಸೊಸೆಯನ್ನು ಹಳಿದಳು, ಈ ಮಹಾಶಯ ತನ್ನ ಬಾಲ್ಯ ಹೇಳಿದ, ಮಗುವಿನ ಸುದ್ದಿ ಯಾರ ಬಾಯಲ್ಲೂ ಇಲ್ಲ, ಹೊರಗೆ ನರ್ಸಿನ ಹಿಂದೆ ಅವಳ ಚಪ್ಪಲಿ ಟಪಟಪ ಓಡುತ್ತಿದೆ, ತಾನೇ ಹೇಳಬೇಕು, ಕೇಳಿಸಿಕೊಳ್ಳಲಿ ಎಲ್ಲ, ಹೆತ್ತವಳು ಕಂಡದ್ದು ಅಂದರೆ ಏನೆಂದು ಗೊತ್ತಾಗಲಿ. ನೀವು ಹೇಳಿಯಮ್ಮ, ಯಾವುದಾದರೂ ಒಂದು ಹೊತ್ತಿನದು, ಅವಳ ಕಣ್ಣು ಎಲ್ಲಿರ್ತದೆ, ಮುಖ ಹೇಗಿರ್ತದೆ. ಎಷ್ಟಿಲ್ಲ ಹೇಳಲಿಕ್ಕೆ, ಪ್ರೇಮಕುಮಾರಿ ಬಾಯಿ ತೆರೆದಳು, ಬೆಳಿಗ್ಗೆ ಜಡೆ ಹಾಕುವಾಗ — ಜಡೆ ಹಾಕುವಾಗ ಮೊಣಕಾಲ ನಡುವೆ ಸಿಕ್ಕಿಸಿ, ಅಲ್ಲಾಡ್ಬೇಡ ಮಾರಾಯ್ತಿ, ಬಾಚಣಿಗೆಯ ತುದಿಯಿಂದ ಬೈತಲೆ ತೆಗೆಯುವುದು, ಮುಖ ಆಚೆ ಇರುತ್ತದೆ, ಅದು ಬೇಡ, ಓದಲಿಕ್ಕೆ ಕೂತಾಗ, ಬಗ್ಗಿರುತ್ತಾಳೆ, ಪಕ್ಕದಲ್ಲಿ ನಿಂತರೆ ಕಾಣುವುದು ಬೈತಲೆ, ಊಟಕ್ಕೆ, ಊಟಕ್ಕೆ ಕೂತಾಗ ತಾನು ನಿಂತು ಬಡಿಸುವವಳು, ಮೇಲಿಂದ — ಹೇಳಿಯಮ್ಮ, ಮುಖ ಹೇಗಿರ್ತದೆ ಆಗ. ಅತ್ತೆ ಅಗಿಯುವುದನ್ನು ನಿಲ್ಲಿಸಿದ್ದಾಳೆ, ಟೀಚರು ಇತ್ತ ತಿರುಗಿದ್ದಾರೆ, ನಿದ್ದೆ ಮಾಡುವಾಗ, ಗೋಡೆಗೆ ಮುಖ ಮಾಡಿ ಮಲಗುತ್ತಾಳೆ, ದಿಂಬಿನ ಮೇಲೆ ಬೆಳ್ಳಗೆ, ಸೊಟ್ಟಗೆ, ನೆತ್ತಿಯ ಹತ್ತಿರ ಎಡಕ್ಕೆ ಜಾರಿದ ಬೈತಲೆ, ಮತ್ತೆ, ಮತ್ತೆ ಬೈತಲೆ —