ಲ್ಯಾಬ್-11

ಪರದೆಯ ಮೇಲೆ ಒಂದು ಸಾಲು ಬರಬೇಕಿತ್ತು, ಮೂರು ಬಂದಿವೆ — ಲ್ಯಾಬ್-1 ಅಳಿಸಲಾಗಿದೆ, ಲ್ಯಾಬ್-10 ಅಳಿಸಲಾಗಿದೆ, ಲ್ಯಾಬ್-11 ಅಳಿಸಲಾಗಿದೆ — ಒಂದನ್ನು ಅಳಿಸಲೆಂದೇ ಕೂತಿದ್ದೆ, ಹತ್ತು ಖಾಲಿಯಿತ್ತು, ಹೋಗಲಿ, ಹನ್ನೊಂದರಲ್ಲಿ ಆಸ್ಪತ್ರೆಯ ರಕ್ತಪರೀಕ್ಷೆಯ ವರದಿಗಳೆಲ್ಲ ಇದ್ದವು, ಬೆಳಗ್ಗೆ ಆರರಿಂದ ಈ ಹತ್ತೂವರೆಯ ತನಕದ್ದೂ ಸೇರಿ, ಬೆರಳಿನ್ನೂ ಎಂಟರ್ ಕೀಲಿಯ ಮೇಲೇ ಇದೆ, ಎತ್ತಿದರೆ ಆದದ್ದು ಖಾತ್ರಿಯಾಗಿಬಿಡುತ್ತದೆ ಎಂಬಂತೆ. ಈ ಕೋಣೆಯಲ್ಲಿ ನಿಜವಾಗಿ ಇರುವುದು ಬೀರುವಿನಷ್ಟು ದೊಡ್ಡ ಒಂದೇ ಕಂಪ್ಯೂಟರು, ಉಳಿದ ಹನ್ನೊಂದೂ ಅದರ ಹೊಟ್ಟೆಯೊಳಗೆ ಬರೀ ಫೈಲುಗಳಾಗಿ ಬದುಕುವ ವರ್ಚುವಲ್ ಮಷೀನುಗಳು, ಎಬ್ಬಿಸಲು, ಮಲಗಿಸಲು, ಅಳಿಸಲು ನಾನೇ ಬರೆದ ನಲವತ್ತು ಸಾಲಿನ ಸ್ಕ್ರಿಪ್ಟು, ಹೆಸರು ಟೈಪಿಸಿದರೆ ಸಾಕು ಎಂದು ಎಲ್ಲರೆದುರು ಜಂಭ ಕೊಚ್ಚಿದ್ದೆ, ಆ ಹೆಸರಿನಿಂದ ಶುರುವಾಗುವುದನ್ನೆಲ್ಲ ಅದು ಬಾಚಿಕೊಳ್ಳುತ್ತದೆಂದು ಹೊಳೆಯಲೇ ಇಲ್ಲ, ಹತ್ತೂ ಹನ್ನೊಂದೂ ಒಂದರಿಂದಲೇ ಶುರು, ಅಂಕಿ ತಿದ್ದುವ ಮಗುವಿಗೂ ಗೊತ್ತು. ಅಳಿಸುವ ಮುಂಚೆ ಸ್ಕ್ರಿಪ್ಟು ಕೇಳುತ್ತಿದ್ದ ಆ ಪ್ರಶ್ನೆಯನ್ನೂ — ಖಂಡಿತ ಅಳಿಸಬೇಕೆ, ಹೌದೋ ಇಲ್ಲವೋ — ಹೋದ ವಾರ ನಾನೇ ಕಿತ್ತುಹಾಕಿದೆ, ಗ್ಯಾಸ್ ಆರಿಸಿದೆಯಾ ಎಂದು ಅಮ್ಮ ಮೂರು ಸಲ ಕೇಳುತ್ತಾಳಲ್ಲ, ಹಾಗೆ ರೇಗುತ್ತಿತ್ತು.

ಫೋನು. ಅಕ್ಕ, ಎರಡನೇ ಮಹಡಿಯ ವಾರ್ಡಿನ ನರ್ಸು, ಏನೇ, ರಿಪೋರ್ಟು ತೆಗೆಯೋಕೆ ಹೋದ್ರೆ ಬರ್ತಾನೇ ಇಲ್ಲ, ನಾಲ್ಕನೇ ಬೆಡ್ಡಿನ ಅಜ್ಜಿದು ಬೇಕಿತ್ತು, ಪೊಟ್ಯಾಸಿಯಂ ಎಷ್ಟಿದೆ ಅಂತ ತಿಳೀದೆ ಡಾಕ್ಟರು ಔಷಧಿ ಹಾಕಲ್ವಂತೆ. ಇರು, ನೋಡ್ತೀನಿ ಅಂದೆ. ನೋಡುವುದಕ್ಕೆ ಉಳಿದಿರುವುದೇನು, ನಿನ್ನೆ ರಾತ್ರಿ ತೆಗೆದಿಟ್ಟ ಹನ್ನೊಂದರ ನಕಲು ಒಂದಿದೆ, ಮರಳಿ ತರಲು ಆಜ್ಞೆ ಕೊಟ್ಟೆ, ಶೇಕಡಾ ಮೂರು, ನಾಲ್ಕು, ಆದರೆ ಅದರಲ್ಲಿ ಈ ಬೆಳಗು ಇಲ್ಲ. ಕರೆಂಟು ಹೋಗಿತ್ತು ಅಂದರಾಯಿತು, ಎಲೆಕ್ಟ್ರಿಷಿಯನ್ ಬೆಳಗ್ಗೆ ಇಲ್ಲೇ ಓಡಾಡಿದ್ದ, ನಮ್ಮ ವಿಭಾಗದ ಮುಖ್ಯಸ್ಥರು, ಯಾರು ಯಾವ ಆಜ್ಞೆ ಕೊಟ್ಟರೆಂದು ಬರೆದುಕೊಳ್ಳುವ ದಾಖಲೆಯ ಕಡತ ತೆರೆದು ನೋಡಿದವರಲ್ಲ, ನನ್ನ ಆ ಒಂದು ಸಾಲು ತೆಗೆದುಬಿಟ್ಟರೆ — ತೆಗೆಯಲು ಹೊರಟೂಬಿಟ್ಟಿದ್ದೇನೆ, ಕರ್ಸರು ಆ ಸಾಲಿನ ತುದಿಗೆ ಬಂದು ಮಿನುಗುತ್ತಿದೆ — ಆಗ ಅಕ್ಕ ಏನಂದುಕೊಳ್ಳುತ್ತಾಳೆ, ಇನ್ನೇನು ಬಂತು ಅಂದುಕೊಂಡು ಕಾಯುತ್ತಾಳೆ, ಡಾಕ್ಟರೂ ಕಾಯುತ್ತಾರೆ, ಬಾರದ ವರದಿಗಾಗಿ, ಪೊಟ್ಯಾಸಿಯಂ ಏರುಪೇರಾಗಿದ್ದರೆ ಹಾಸಿಗೆಯ ಮೇಲೆ ಅಜ್ಜಿಯ ಎದೆಬಡಿತ ತನ್ನ ಪಾಡಿಗೆ ತಪ್ಪುತ್ತ ಹೋಗುತ್ತದೆ. ಕಡತ ಮುಚ್ಚಿದೆ. ಅವಳ ನಂಬರು ಒತ್ತಿದೆ.

ಅಕ್ಕ, ಕಾಯಬೇಡ. ಬೆಳಗಿನ ರಿಪೋರ್ಟು ಯಾವುದೂ ಬರಲ್ಲ. ನಾನೇ ಅಳಿಸಿಬಿಟ್ಟೆ.

ಅವಳು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು, ಟ್ರಾಲಿಯ ಚಕ್ರದ ಸದ್ದಿನ ನಡುವೆ ಮೆತ್ತಗೆ ಅಂದಳು, ಸರಿ, ಡಾಕ್ಟರಿಗೆ ಹೇಳ್ತೀನಿ, ಮತ್ತೆ ಚುಚ್ಚಬೇಕು, ಆ ಅಜ್ಜಿಗೆ ನರಾನೇ ಸಿಗಲ್ಲ ಕಣೇ, ಬೆಳಗ್ಗೆ ಮೂರು ಸಲ ಚುಚ್ಚಿದ್ದೆ. ಮುಖ್ಯಸ್ಥರಿಗೂ ನಾನೇ ಹೇಳಿದೆ, ಮಧ್ಯಾಹ್ನ ಬರವಣಿಗೆಯಲ್ಲಿ ಕೊಡಿ ಅಂದರು, ಅಷ್ಟೇ. ಶೇಕಡಾ ತೊಂಬತ್ತು, ನೂರು, ಲ್ಯಾಬ್-11 ಚಾಲನೆಯಲ್ಲಿದೆ, ಹೊಸ ವರದಿಗಳನ್ನು ಇನ್ನು ಇದು ಹಿಡಿದಿಟ್ಟುಕೊಳ್ಳುತ್ತದೆ, ಎಲ್ಲ ಸರಿಹೋಯಿತು ಎನ್ನಬೇಕು, ಆದರೆ ಮೇಲೆ ಎರಡನೇ ಮಹಡಿಯಲ್ಲಿ ಈಗ ರಬ್ಬರ್ ಪಟ್ಟಿ ಬಿಗಿದಿರುತ್ತಾರೆ, ಬೆಳಗಿನ ಹತ್ತಿ ಇನ್ನೂ ಅಂಟಿಕೊಂಡಿರುವ ಆ ಸಣಕಲು ತೋಳಿಗೆ, ಅಕ್ಕ ಬೆರಳಿನಿಂದ ತಟ್ಟುತ್ತಾಳೆ, ಹುಡುಕುತ್ತಾಳೆ, ಸೂಜಿ ಒಳಗಿಳಿಯುತ್ತದೆ, ನರ ಸಿಗುವುದಿಲ್ಲ, ಹೊರಗೆಳೆದು ಮತ್ತೆ ತಟ್ಟುತ್ತಾಳೆ, ಮತ್ತೆ ಸೂಜಿ —